ಬೋರ್ಡಿನ ಮೇಲೆ ನನ್ನ ಮುದ್ದೆ

ಚನ್ನಪಟ್ಟಣದಲ್ಲಿ ಹೊಸದಾಗಿ ತೆರೆದ ಮೆಸ್ಸೊಂದರ ಬೋರ್ಡ್ ಕಂಡು ನಾನು ರಸ್ತೆಯಲ್ಲೇ ನಿಂತುಬಿಟ್ಟೆ. ಬೋರ್ಡಿನ ತುಂಬ ಇದ್ದದ್ದು ನನ್ನ ಮುದ್ದೆ! ಬಾಳೆಲೆಯ ಮೇಲೆ ಹೊಳೆಯುವ ರಾಗಿಮುದ್ದೆ, ಪಕ್ಕದಲ್ಲಿ ಅವರೆಕಾಳು ಸಾರು, ಮುದ್ದೆಯ ನೆತ್ತಿಯಿಂದ ಇಳಿಯುತ್ತಿರುವ ತುಪ್ಪ.

ಎಐಗೆ ವಿವರಿಸಿ ವಿವರಿಸಿ ನಾನೇ ಮಾಡಿಸಿದ ಚಿತ್ರವದು. ಮೊದಮೊದಲು ಮುದ್ದೆ ಕೇಳಿದರೆ ಅದು ಚಾಕೊಲೇಟ್ ಉಂಡೆ ಕೊಡುತ್ತಿತ್ತು. ತಿಂಗಳುಗಟ್ಟಲೆ ತಿದ್ದಿ, ಚಿತ್ರ ಮಾರುವ ವೆಬ್‌ಸೈಟಿಗೆ ಕಳಿಸಿದರೂ ಸಾಲುಸಾಲಾಗಿ ತಿರಸ್ಕಾರ. ಕೊನೆಗೂ ಒಪ್ಪಿಗೆಯಾಗಿ ಮಾರಾಟವಾದ ನನ್ನ ಮೊದಲ ಚಿತ್ರ ಇದೇ. ಕೊಂಡವರು ಯಾರೆಂದು ಮಾತ್ರ ಗೊತ್ತಿರಲಿಲ್ಲ.

ಫೋನಿನಲ್ಲಿ ಆ ಚಿತ್ರ ತೆರೆದು ಜೊತೆಗಿದ್ದ ಅತ್ತೆಗೆ ತೋರಿಸಿದೆ. "ಇಲ್ದಿರೋ ಮುದ್ದೆ ತೊಳಸ್ಕೊಂಡು ಕೂತವ್ಳೆ" ಎಂದು ನೆಂಟರ ಮುಂದೆಲ್ಲ ನಗುತ್ತಿದ್ದವರು ಅವರೇ. ನನ್ನ ಫೋನನ್ನೂ ಬೋರ್ಡನ್ನೂ ಮತ್ತೆ ಮತ್ತೆ ಹೋಲಿಸಿ ನೋಡಿದವರು ಸೀದಾ ಒಳಗೆ ನುಗ್ಗಿ, ಗಲ್ಲಾದಲ್ಲಿ ಕೂತಿದ್ದ ಮಾಲೀಕರಿಗೆ ಹೇಳಿದರು: "ಏನಪ್ಪಾ, ಬೋರ್ಡಲ್ ಐತಲ್ಲ ಮುದ್ದೆ, ಅದ ಮಾಡಿರೋಳು ನನ್ ಸೊಸೆ ಕಣಪ್ಪಾ!"

ಉಣ್ಣುತ್ತಿದ್ದವರೆಲ್ಲ ಕತ್ತೆತ್ತಿದರು. ನಾನು ನಾಚುತ್ತಲೇ ಫೋನಿನಲ್ಲಿದ್ದ ಚಿತ್ರ ತೋರಿಸಿದೆ. ಮಾಲೀಕರು ಎದ್ದೇ ನಿಂತರು. "ಬನ್ನಿ ತಾಯಿ, ಕೂತ್ಕಳಿ. ಈ ಬೋರ್ಡ್ ನೋಡ್ಕೊಂಡೇ ಜನ ಒಳೀಕ್ ಬತ್ತಾವ್ರೆ" ಎಂದು ಇಬ್ಬರಿಗೂ ಎಲೆ ಹಾಕಿಸಿದರು. ಅತ್ತೆ ಪಕ್ಕದ ಸಾಲಿನವರಿಗೂ ಇನ್ನೊಮ್ಮೆ ವಿಷಯ ತಿಳಿಸಿದ ಮೇಲೇ ಊಟಕ್ಕೆ ಕೈ ಹಾಕಿದ್ದು.

ಈಗ ನಾನು ಲ್ಯಾಪ್‌ಟಾಪ್ ತೆರೆದರೆ ಅತ್ತೆಯೂ ಕುರ್ಚಿ ಎಳೆದುಕೊಂಡು ಬರುತ್ತಾರೆ. ಮೊನ್ನೆ ಒಪ್ಪಿಗೆಯಾದ ಹಿತಕಿದ ಅವರೆಬೇಳೆ ಸಾರಿನ ಚಿತ್ರ ನಮ್ಮಿಬ್ಬರದು.