ಗಾಜಿನ ಪೆಟ್ಟಿಗೆಯ ಹಸು

ಭಾವಮೈದನ ಬಲಗೈ ಹಸುವಿನ ಹಿಂಬದಿಯಲ್ಲಿ ಹೆಗಲವರೆಗೆ ಸಿಕ್ಕಿಕೊಂಡಿತು. ಹಸು ಮರದ್ದು, ಅದೂ ಹಿಂದಿನ ಅರ್ಧ ಮಾತ್ರ. ಒಳಗಿನ ಗರ್ಭಕೋಶ ರಬ್ಬರಿನದು. ಅವಮಾನ ಮಾತ್ರ ಅಪ್ಪಟ ನಿಜದ್ದು. ಶೆಡ್ಡಿನ ಬಾಗಿಲಲ್ಲಿ ಅಕ್ಕ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

"ಕರುವಾದ್ರೂ ಈಚೆಗೆ ಬರುತ್ತೆ ಕಣೋ, ನೀನೇ ಬರ್ತಿಲ್ವಲ್ಲ."

ಅಕ್ಕನ ಗಂಡ, ಪಶುವೈದ್ಯ ಭಾವ, ನಗಲಿಲ್ಲ. ಸೋಪಿನ ನೀರು ಸುರಿದು, ಮೆಲ್ಲಗೆ ತಿರುಗಿಸಿ, ಆ ಕೈಗೆ ಹೆರಿಗೆ ಮಾಡಿಸಿದರು.

ಒಳಗೆ ಚರ್ಮದ ಕರುವೊಂದು ಕಾಲು ಮಡಿಸಿಕೊಂಡು ಅಡ್ಡ ಮಲಗಿತ್ತು. ಕಣ್ಣಿಗೆ ಕಾಣದ್ದನ್ನು ಬೆರಳಲ್ಲೇ ಗುರುತಿಸಿ ಎಳೆಯಬೇಕು. ಭಾವ ಓದಿದ ವಿಶ್ವವಿದ್ಯಾಲಯದಲ್ಲಿ ಇದನ್ನೆಲ್ಲ ಕಲಿಸಿದ್ದು ಕಪ್ಪುಹಲಗೆಯ ಮೇಲೆ. ಆ ಸೀಮೆಸುಣ್ಣದ ಹಸುವಿಗೆ ಒಮ್ಮೆಯೂ ನೋವು ಬಂದಿರಲಿಲ್ಲ. ಪದವಿ ಹಿಡಿದು ಹೊಕ್ಕ ಮೊದಲ ಕೊಟ್ಟಿಗೆಯಲ್ಲೇ ಅವರ ಬೆರಳಿಗೆ ಮುಂಗಾಲು ಹಿಂಗಾಲಿನ ವ್ಯತ್ಯಾಸ ತಿಳಿಯಲಿಲ್ಲ. ಹಸುವೂ ಹೋಯಿತು, ಕರುವೂ ಹೋಯಿತು. ಒಡತಿ ಬಯ್ಯಲಿಲ್ಲ, ಕೈ ತೊಳೆಯಲು ಬಿಸಿನೀರು ತಂದುಕೊಟ್ಟಳು. ಬೈದಿದ್ದರೆ ಮರೆಯುತ್ತಿದ್ದರೇನೋ. ಆಮೇಲೆ ಒದೆ ತಿಂದು ತಿಂದು ಕಲಿತರು. ಅವರ ಕೈಗುಣ ಕೊಟ್ಟಿಗೆಯಿಂದ ಕೊಟ್ಟಿಗೆಗೆ ಮನೆಮಾತಾಯಿತು, ಬಲಹೆಗಲು ಶಾಶ್ವತವಾಗಿ ವಾಲಿತು. ನಿವೃತ್ತರಾದ ಮೇಲೆ ಈ ಮರದ ಹಸುವನ್ನು ತಾವೇ ತಯಾರಿಸಿ, ಕಲಿಯುವ ಮಕ್ಕಳ ಕೈ ತಪ್ಪುವುದಾದರೆ ಇಲ್ಲೇ ತಪ್ಪಲಿ ಎಂದು ವಿಶ್ವವಿದ್ಯಾಲಯಕ್ಕೆ ಕೊಟ್ಟರು.

ಅದರ ಅನಾವರಣ ಸಮಾರಂಭಕ್ಕೆ ಭಾವನ ಜೊತೆ ಹೋಗಿ ನೋಡಿದ ಭಾವಮೈದನಿಗೆ ಮೈಯೆಲ್ಲ ಉರಿದುಹೋಯಿತು. ಹಸು ಗಾಜಿನ ಪೆಟ್ಟಿಗೆಯಲ್ಲಿತ್ತು. ಮೈಗೆ ಮಿರಮಿರ ವಾರ್ನಿಷ್, ಎದುರಿಗೆ 'ಮುಟ್ಟಬೇಡಿ' ಎಂಬ ಫಲಕ. ಯಾರ ಕೈಲೋ ಮುಂದಿನ ಅರ್ಧ ಮಾಡಿಸಿ, ನಗುವ ಮುಖ ಬೇರೆ ಅಂಟಿಸಿದ್ದರು. ಹಿಂಬದಿಗೆ ಹಲಗೆಯಿಟ್ಟು ಸ್ಕ್ರೂ ಬಿಗಿದಿದ್ದರು. ಗಣ್ಯರು ಓಡಾಡುವ ಜಾಗ, ನೋಡುವುದಕ್ಕೆ ಚೆನ್ನಾಗಿರಲ್ಲ ಎಂದು ಗುಮಾಸ್ತರು ದನಿ ತಗ್ಗಿಸಿ ವಿವರಿಸಿದರು. ಬಾಯಿಗೆ ಹೊಲಿಗೆ ಹಾಕಿ ಹಾಡು ಅಂದ ಹಾಗಾಯಿತು! ಭಾವಮೈದ ಬೆಂಕಿಯಂಥ ನಾಲ್ಕು ಮಾತು ಜೋಡಿಸಿಕೊಂಡ. ಅಷ್ಟರಲ್ಲಿ ಯಾರೋ ಚಹಾ ಕೊಟ್ಟರು. ಬಾಯಿಂದ ಬಂದದ್ದು 'ಥ್ಯಾಂಕ್ಸ್'.

ಕಲಿಸಿದ ಸಂಸ್ಥೆಯ ಋಣ ತೀರಿಸುವ ಬಗ್ಗೆ ಕುಲಪತಿಗಳು ಭಾಷಣ ಎತ್ತಿಕೊಂಡರು. ಭಾವ ಎದ್ದರು. ಕೋಟು ಬಿಚ್ಚಿ ಭಾವಮೈದನ ತೋಳಿಗೆ ಹಾಕಿ, ಗಾಜಿನ ಬಾಗಿಲು ಸರಿಸಿ, ಜೇಬಿನ ಚಾಕುವಿನಿಂದ ಒಂದೊಂದೇ ಸ್ಕ್ರೂ ತಿರುಗಿಸತೊಡಗಿದರು. ಹಲಗೆ ಕಳಚಿದ್ದೇ, ಹತ್ತಿರ ನಿಂತಿದ್ದ ವಿದ್ಯಾರ್ಥಿನಿಯೊಬ್ಬಳಿಗೆ ಅಂಗಿಯ ತೋಳು ಮಡಿಸುವಂತೆ ಹೇಳಿದರು. ಅವಳ ಕೈ ಒಳಗೆ ಹೋಯಿತು, ತಡಕಾಡಿತು.

"ಸಾರ್, ಇದು ಮೊಣಕಾಲು ಅಲ್ವಾ?"

ಅವಳ ಹಿಂದೆ ಆಗಲೇ ಸಾಲು ಬೆಳೆಯುತ್ತಿತ್ತು. ಕುಲಪತಿಗಳ ಭಾಷಣ ನಿಂತಿತು.

"ಡಾಕ್ಟ್ರೇ, ಅಷ್ಟು ಚೆಂದದ ಮುಖ ಮಾಡಿಸಿದ್ದೀವಿ. ಹಿಂದುಗಡೆ ಯಾಕೆ ಬಿಚ್ಚಿದ್ರಿ?"

ಭಾವ ತಲೆಯೆತ್ತಲಿಲ್ಲ. "ಹಸುಗಳು ಇನ್ನೂ ಈ ಕಡೆಯಿಂದಲೇ ಈಯ್ತಾ ಇವೆ, ಸಾರ್."