ಒಂದು ವೈರೂ ಕಾಣಬಾರದು

ಬನಹಟ್ಟಿಯ ನಮ್ಮ ಮನೆಯ ಪಡಸಾಲೆಯಲ್ಲಿ, ಬೀದಿ ಕಡೆಯ ಕಿಟಕಿಯ ಕೆಳಗೆ ನನ್ನ ಟೇಬಲ್ ಇದೆ. ಅದು ಅಲ್ಲಿರಬಾರದು ಎಂದವರಿದ್ದರು. ಅದು ಅಲ್ಲೇ ಇದೆ. ಹೇಗೆ ಉಳಿಯಿತು ಎನ್ನುವುದು ಕೆಲವರಿಗೆ ಬರೀ ವೈರಿನ ಕತೆ ಅನ್ನಿಸಬಹುದು. ಅನ್ನಿಸಲಿ.

ನಾನು ಸೀರೆಗೆ ಡಿಸೈನ್ ಬರೆಯುವವಳು. ಹುಟ್ಟಿದ್ದು ತೇರದಾಳದ ನೇಕಾರರ ಮನೆಯಲ್ಲಿ, ಬಂದು ಸೇರಿದ್ದೂ ನೇಕಾರರ ಮನೆಯನ್ನೇ. ಸೆರಗು, ಅಂಚು, ಬುಟ್ಟಾ ಎಲ್ಲವನ್ನೂ ಕಂಪ್ಯೂಟರಿನಲ್ಲಿ ಬರೆದುಕೊಟ್ಟರೆ ಪವರ್‌ಲೂಮಿನ ಮೇಲೆ ಕೂತ ಜಕಾರ್ಡ್ ಯಂತ್ರ ಅದನ್ನು ನೋಡಿಕೊಂಡು ನೇಯುತ್ತದೆ. ಪರದೆಯ ಮೇಲಿನ ಒಂದು ಚೌಕವೆಂದರೆ ಒಂದು ಎಳೆ. ಒಂದು ಚೌಕ ತಪ್ಪಿದರೆ ಸೀರೆಯುದ್ದಕ್ಕೂ ಗೀರು. ಹಳೆಯ ಸಣ್ಣ ಪರದೆಯಲ್ಲಿ ಸೆರಗು ಪೂರ್ತಿ ನೋಡಿದರೆ ಚೌಕ ಕಾಣುತ್ತಿರಲಿಲ್ಲ, ಚೌಕ ನೋಡಿದರೆ ಸೆರಗು ಕಾಣುತ್ತಿರಲಿಲ್ಲ. ಅದಕ್ಕೇ ನನ್ನ ದುಡಿಮೆಯಲ್ಲಿ ಎರಡು ದೊಡ್ಡ ಪರದೆ ತಂದೆ. ಕೂದಲೆಳೆ ಕೂಡ ಬಿಡಿಬಿಡಿಯಾಗಿ ತೋರಿಸುವಂಥವು. ಒಂದರಲ್ಲಿ ಸೆರಗು, ಇನ್ನೊಂದರಲ್ಲಿ ಚೌಕ.

ಪರದೆಯ ಹಿಂದೆ ವೈರು ಬಂದವು. ಲ್ಯಾಪ್‌ಟಾಪಿಗೆ ಚಾರ್ಜರು, ಪರದೆಗೊಂದೊಂದು ಕರೆಂಟಿನ ವೈರು, ಒಂದೊಂದು ಚಿತ್ರದ ವೈರು, ಅದರ ಮೂತಿ ಇದರ ಬಾಯಿಗೆ ಹೊಂದಲೆಂದು ನಡುವೆ ಎರಡು ಡಬ್ಬಿ, ಕೀಬೋರ್ಡು, ಮೌಸು. ಸಾಲದ್ದಕ್ಕೆ ಟೇಬಲ್ ಆಗ ಒಳಬಾಗಿಲ ಪಕ್ಕದ ಮೂಲೆಯಲ್ಲಿತ್ತು, ಪ್ಲಗ್ಗಿನ ಬೋರ್ಡು ಎದುರಿನ ಕಿಟಕಿಯ ಕೆಳಗೆ. ಬೋರ್ಡಿನ ಹತ್ತಿರವೇ ಟೇಬಲ್ ಇಡಬಹುದಿತ್ತಲ್ಲ ಎಂದರೆ, ಇಡುವಂತಿರಲಿಲ್ಲ. ಕಿಟಕಿಯ ಕೆಳಗಿನದು ಮಾವನವರ ಕೈಮಗ್ಗದ ಜಾಗ. ಅವರು ತೀರಿಕೊಂಡ ಮೇಲೆ ಮಗ್ಗ ಬಿಚ್ಚಿ ಅಟ್ಟಕ್ಕೇರಿಸಿದರೂ, ಅವರು ಕಾಲು ಇಳಿಬಿಟ್ಟು ಕೂರುತ್ತಿದ್ದ ತಗ್ಗನ್ನು ತುಂಬಿಸಲು ಅತ್ತೆ ಒಪ್ಪಿರಲಿಲ್ಲ. ಮೇಲೆ ಹಲಗೆ ಹಾಸಿದ್ದರು. ಸೋಮವಾರಕ್ಕೊಮ್ಮೆ ಆ ಹಲಗೆಗೆ ಅರಿಶಿನ ಕುಂಕುಮ ಬೀಳುತ್ತಿತ್ತು. ಅದರ ಮೇಲೆ ನೀರಿನ ತಂಬಿಗೆ ಕೂಡ ಯಾರೂ ಇಡುತ್ತಿರಲಿಲ್ಲ. ಹೀಗಾಗಿ ನನ್ನ ವೈರುಗಳು ಓಡಾಡುವ ದಾರಿಯನ್ನು ದಾಟಿಕೊಂಡೇ ಬೋರ್ಡು ಮುಟ್ಟಬೇಕಿತ್ತು.

ನನ್ನ ಗಂಡನ ಅಣ್ಣ ಮನೆಯ ಸೀರೆ ವ್ಯಾಪಾರ ನೋಡಿಕೊಳ್ಳುತ್ತಾರೆ. ವ್ಯಾಪಾರಿಗಳು ಬಂದರೆ ಪಡಸಾಲೆಯ ಜಮಖಾನೆಯ ಮೇಲೆಯೇ ಮಾತುಕತೆ. ಡಿಸೈನ್ ಯಾರದು ಎಂದು ಅವರು ಕೇಳಿದರೆ ಭಾವನವರ ಉತ್ತರ ಯಾವಾಗಲೂ ಒಂದೇ: "ನಮ್ಮಲ್ಲೇ ಮಾಡಸ್ತೀವ್ರಿ." ಮಾಡಿದವಳು ಆರು ಹೆಜ್ಜೆ ಆಚೆ ಕೂತಿರುತ್ತಿದ್ದೆ. ನಾನು ತಲೆ ಎತ್ತುತ್ತಿರಲಿಲ್ಲ, ಅವರು ತೋರಿಸುತ್ತಿರಲಿಲ್ಲ.

ಒಂದು ದಿನ ಮುಧೋಳದ ವ್ಯಾಪಾರಿಯೊಬ್ಬರ ಎದುರಿಗೆ, ಮೊಬೈಲ್ ನೋಡುತ್ತ ಬಂದ ಭಾವನವರ ಕಾಲಿಗೆ ವೈರು ತೊಡರಿತು. ಬೀಳಲಿಲ್ಲ, ಕೈಯಲ್ಲಿದ್ದ ಚಹಾ ಮಾತ್ರ ಜಮಖಾನೆಯ ಪಾಲಾಯಿತು. ವ್ಯಾಪಾರಿ ಹೋದ ಮೇಲೆ ತೀರ್ಪು ಹೊರಬಿತ್ತು.

"ಶುಕ್ರವಾರ ಜಮಖಂಡಿ ಮಂದಿ ಬರ್ತಾರ. ಅಷ್ಟರಾಗ ಈ ಟೇಬಲ್ ಒಳಗಿನ ಕ್ವಾಣಿಗೆ ಹೋಗಬೇಕು. ಪಡಸಾಲಿ ಅಂದ್ರ ಮನಿ ಮಾರಿ. ಮಾರಿ ಮ್ಯಾಲ ಹಿಂಗ ವೈರ್ ಜೋತಾಡಬಾರದು."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಮೊಬೈಲ್ ನೋಡಿದವರು ಅವರು, ಜಾಗ ಬಿಡಬೇಕಾದವಳು ನಾನು.

ಒಳಗಿನ ಕೋಣೆಯ ಬಗ್ಗೆ ಹೇಳಬೇಕು. ಕಿಟಕಿಯಿಲ್ಲ, ನೂಲಿನ ಗಂಟುಗಳು, ಮೂಗಿಗೆ ಏರುವ ಹತ್ತಿಯ ಧೂಳು. ಅಲ್ಲಿ ಕೂತು ಅತ್ತೆ ತಮ್ಮ ಹರೆಯವನ್ನೆಲ್ಲ ಕಂಡಿಕೆ ಸುತ್ತಿ ಕಳೆದಿದ್ದರು. ಲಾಳಿಯೊಳಗೆ ಇಡುವ ನೂಲಿನ ಸಣ್ಣ ಸುರುಳಿಯೇ ಕಂಡಿಕೆ. ಅದಿಲ್ಲದೆ ಮಗ್ಗ ಒಂದು ಗೇಣೂ ಮುಂದೆ ಹೋಗದು. ಆದರೆ ಸೀರೆ ನೇಯ್ದವರು ಯಾರು ಎಂದರೆ ಊರೆಲ್ಲ ಮಾವನವರ ಹೆಸರು ಹೇಳುತ್ತಿತ್ತು. ಆ ಕೋಣೆಗೆ ಹೋದದ್ದು ಯಾವುದೂ ಈಚೆ ಬಂದದ್ದನ್ನು ನಾನು ನೋಡಿಲ್ಲ. ನನಗೆ ಸಿಟ್ಟು ಬಂತು, ಹೆದರಿಕೆಯೂ ಆಯಿತು. ಸಿಟ್ಟೇ ಮೊದಲು ಬಾಯಿಗೆ ಬಂತು.

"ನಾ ಒಳಗ ಹೋಗಂಗಿಲ್ರಿ ಭಾವಾರ. ವೈರ್ ಕಾಣಬಾರದು ಅಂದ್ರ ಕಾಣದಂಗ ಮಾಡತೀನಿ."

"ಒಂದ ವೈರ್ ಕಂಡ್ರೂ ಟೇಬಲ್ ಒಳಗ. ಆತಿಲ್ಲ?"

"ಆತ್ರಿ."

ನನ್ನ ಗಂಡ ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎನ್ನುವ ಜಾತಿ. ಲೂಮಿನ ಎಣ್ಣೆ ಹತ್ತಿದ ಕೈ ಒರೆಸಿಕೊಳ್ಳುತ್ತ ಹೊರಗೆ ಹೋದರು. ಅತ್ತೆ ಚಹಾ ಚೆಲ್ಲಿದ ಜಮಖಾನೆಯನ್ನು ತೊಳೆಯಲು ಎತ್ತಿಕೊಂಡು ಹೋದರು.

ಕೀಬೋರ್ಡು, ಮೌಸಿನ ಬಾಲ ಕತ್ತರಿಸುವುದು ಸುಲಭ, ವೈರಿಲ್ಲದವು ಬಂದವು. ಉಳಿದವುಗಳಿಗೆ ನಾನು ಮಾಡಿದ್ದು ನೇಕಾರರ ಮಗಳು ಮಾತ್ರ ಮಾಡಬಹುದಾದ ಮೂರ್ಖತನ. ಮಗ್ಗಕ್ಕೆ ಉದ್ದದ ಹಾಸಿನ ಎಳೆ ಬಿಗಿದಂತೆ ಎಲ್ಲ ವೈರನ್ನೂ ಜಗ್ಗಿ ಬಿಗಿ ಮಾಡಿ, ಟೇಬಲಿನ ಕಾಲಿಗೆ ನೂಲಿನ ಹುರಿಯಲ್ಲಿ ಕಟ್ಟಿದೆ. ನೋಡಲು ಬಲು ಚೆಂದ. ಬೆಳಿಗ್ಗೆ ನೋಡಿದರೆ ಒಂದು ಪರದೆ ಕಣ್ಣು ಮುಚ್ಚಿ ತೆರೆಯುತ್ತಿದೆ, ಇನ್ನೊಂದು ಪೂರ್ತಿ ಕಪ್ಪು. ಬಿಗಿದ ಬಿಗಿಗೆ ಮೂತಿಗಳೆಲ್ಲ ಬಾಯಿಂದ ಅರ್ಧ ಈಚೆ ಬಂದಿದ್ದವು. ಎಳೆ ಬಿಗಿ ಇದ್ದರೆ ಬಟ್ಟೆ, ವೈರು ಸಡಿಲ ಇದ್ದರೆ ಚಿತ್ರ. ಹುಟ್ಟಿದಾಗಿನಿಂದ ಕಲಿತದ್ದನ್ನು ಒಂದು ಬೆಳಿಗ್ಗೆಯಲ್ಲಿ ಮರೆಯಬೇಕಾಯಿತು. ಭಾವನವರು ಕಪ್ಪು ಪರದೆ ನೋಡಿ, "ಹುಂ" ಎಂದು ಚಹಾ ಕುಡಿಯಲು ಹೋದರು.

ಗಂಟು ಬಿಚ್ಚುವಾಗ ಮೊದಲ ಬಾರಿ ಪರದೆಯ ಬೆನ್ನನ್ನು ಸರಿಯಾಗಿ ನೋಡಿದೆ. ನಾನು ಎಂದೂ ಬಳಸದ ತೂತುಗಳಿದ್ದವು. ಅದರಲ್ಲೊಂದು ಮೊಬೈಲ್ ಚಾರ್ಜರಿನ ಟೈಪ್-ಸಿ ತೂತಿನಂಥದ್ದೇ. ಮೊಬೈಲಿನ ವೈರನ್ನು ಚುಚ್ಚಿದೆ. ಕೂತಿತು, ಆದರೆ ಚಿತ್ರ ಬರಲಿಲ್ಲ. ಬಸ್ಸು ಹತ್ತಿ ಜಮಖಂಡಿಯ ಕಂಪ್ಯೂಟರ್ ಅಂಗಡಿಗೆ ಹೋದೆ.

"ಬಾಯಿ ಒಂದ, ಹೊಟ್ಟಿ ಬ್ಯಾರೆ ಐತ್ರಿ ಅಕ್ಕಾರ," ಎಂದ ಅಂಗಡಿಯವನು. "ಅದು ಬರೇ ಕರೆಂಟ್ ಹೊರತೈತಿ. ಚಿತ್ರಾನೂ ಹೊರೋದು ಬ್ಯಾರೆ ಬರತೈತಿ."

ಉದ್ದದ್ದನ್ನೇ ತಗೊಳ್ಳಿ, ಮುಂದೆ ಬೇಕಾಗುತ್ತದೆ ಎಂದ. ಇಷ್ಟು ಸೂಕ್ಷ್ಮದ ಚಿತ್ರ ಉದ್ದದ ವೈರಿನಲ್ಲಿ ನಡುಗುತ್ತದೆ ಎಂದು ಹಳೆಯ ಉದ್ದನೆಯ ಚಿತ್ರದ ವೈರು ನನಗೆ ಆಗಲೇ ಕಲಿಸಿತ್ತು. ಮೊಳದುದ್ದದ್ದು ಸಾಕು ಎಂದೆ. ಎರಡು ತಂದೆ. ಒಂದು ಲ್ಯಾಪ್‌ಟಾಪಿನಿಂದ ಮೊದಲ ಪರದೆಗೆ: ಚಿತ್ರ ಆ ಕಡೆ ಹೋಗುತ್ತದೆ, ಕರೆಂಟು ಈ ಕಡೆ ಬರುತ್ತದೆ, ಚಾರ್ಜರಿಗೆ ನಿವೃತ್ತಿ. ಇನ್ನೊಂದು ಮೊದಲ ಪರದೆಯಿಂದ ಎರಡನೆಯದಕ್ಕೆ, ಕೈ ಹಿಡಿದುಕೊಂಡಂತೆ. ಮೊದಮೊದಲು ಎರಡರಲ್ಲೂ ಒಂದೇ ಚಿತ್ರ ಬಂತು. ಪರದೆಯ ಮೆನುವಿನಲ್ಲಿ ಒಂದು ಆಯ್ಕೆ ಬದಲಿಸಿದ ಮೇಲೆ ಒಂದರಲ್ಲಿ ಸೆರಗು, ಒಂದರಲ್ಲಿ ಚೌಕ. ನಡುವಿನ ಡಬ್ಬಿಗಳನ್ನು ಎಸೆದೆ. ಪರದೆಗಳ ಕರೆಂಟಿನ ವೈರನ್ನು ಟೇಬಲಿನ ಅಡಿಯಲ್ಲೇ ಒಂದು ಎಕ್ಸ್‌ಟೆನ್ಷನ್ ಬೋರ್ಡಿಗೆ ಸೇರಿಸಿದೆ.

ಆದರೆ ಆ ಎಕ್ಸ್‌ಟೆನ್ಷನ್ನಿನ ಬಾಲ ಉಳಿಯಿತು. ಒಂದೇ ಒಂದು ವೈರು ದಾರಿ ದಾಟಿ ಕಿಟಕಿಯ ಕೆಳಗೆ ಹೋಗಲೇಬೇಕಿತ್ತು.

ಗುರುವಾರ ಸಂಜೆ ಭಾವನವರು ಬಂದು, ನೆಲದ ಮೇಲಿನ ಆ ಒಂದಕ್ಕೆ ಕಾಲ ಹೆಬ್ಬೆರಳು ತೋರಿಸಿದರು.

"ಒಂದು ಐತಿ."

"ಗಾಳಿ ಮ್ಯಾಲ ಪರದೆ ನಡಿಯಂಗಿಲ್ರಿ. ಒಂದು ಇರತೈತಿ."

"ಮಾತು ಅಂದ್ರ ಮಾತು. ಏಳು."

ನಾನು ಏಳಲಿಲ್ಲ. ಕುರ್ಚಿಯ ಎರಡೂ ಕೈ ಹಿಡಿದು ಕೂತೆ. "ವೈರ್ ಬರೇ ನೆಪ ರೀ ಭಾವಾರ. ನಾಳೆ ಈ ಒಂದೂ ಹೋದ್ರ, ಪರದೆ ಬೆಳಕು ಮಂದಿ ಕಣ್ಣಿಗೆ ಹೊಡಿತೈತಿ ಅಂತೀರಿ. ನಿಮಗ ಕಾಣಬಾರದ್ದು ವೈರ್ ಅಲ್ಲ, ನಾನು." ಈ ಮನೆಗೆ ಬಂದ ಮೇಲೆ ಅವರ ಮುಖ ನೋಡಿ ಅಷ್ಟು ಉದ್ದ ಮಾತಾಡಿದ್ದು ಅದೇ ಮೊದಲು.

ಅಷ್ಟರಲ್ಲಿ ಅತ್ತೆ ಅಡುಗೆಮನೆಯಿಂದ ಬಂದರು. ನಮ್ಮಿಬ್ಬರನ್ನೂ ನೋಡದೆ ನೆಟ್ಟಗೆ ಕಿಟಕಿಯ ಕೆಳಗೆ ಹೋಗಿ ಕೂತು, ಗೋಡೆಯ ಕಡೆಯ ಹಲಗೆಯೊಂದನ್ನು ಎತ್ತಿ ಬದಿಗಿಟ್ಟರು.

"ಟೇಬಲ್ ಇಲ್ಲಿ ತಂದು ಇಡ್ರಿ. ಆ ಹಾಳು ವೈರ್ ಇದರಾಗ ಇಳಿಬಿಡ್ರಿ."

ಭಾವನವರ ಮುಖ ಕಪ್ಪಿಟ್ಟಿತು. "ಅವ್ವಾ, ಅದು ಅಪ್ಪನ ಜಾಗಾ."

"ಅಪ್ಪಂದಲ್ಲ, ಮಗ್ಗದ ಜಾಗಾ. ನೇಯೋರು ಕೂಡತಾರ." ಹಲಗೆಯ ಧೂಳನ್ನು ಸೆರಗಿನಿಂದ ಒರೆಸುತ್ತ ಹೇಳಿದರು: "ಆ ಕ್ವಾಣ್ಯಾಗ ನಾ ಒಬ್ಬಾಕಿ ಕುಂತಿದ್ದು ಸಾಕು."

ಟೇಬಲಿನ ಒಂದು ತುದಿ ನಾನು ಹಿಡಿದೆ. ಇನ್ನೊಂದು ತುದಿಗೆ, ಅದೆಲ್ಲಿದ್ದರೋ, ನನ್ನ ಗಂಡ ಬಂದು ಕೈ ಕೊಟ್ಟರು.

ಶುಕ್ರವಾರ ಜಮಖಂಡಿಯವರು ಬಂದರು. ನೆಲದ ಮೇಲೆ ಒಂದು ವೈರೂ ಇರಲಿಲ್ಲ. ಸೀರೆ ಬಿಚ್ಚಿದರು, ಸೆರಗಿನ ಮೇಲೆ ಕೈಯಾಡಿಸಿದರು. "ಛಲೋ ಬಂದೈತಿ. ಯಾರು ಬರದದ್ರಿ ಇದು?"

ಭಾವನವರು ಬಾಯಿ ತೆರೆಯುವ ಮುಂಚೆ ನಾನು ಕುರ್ಚಿ ತಿರುಗಿಸಿದೆ. "ನಾನ್ರೀ," ಎಂದೆ.

ಅವರು ಹೋದ ಮೇಲೆ ಒಂದು ಕೆಲಸ ಮಾಡಿದೆ. ಎರಡು ಪರದೆಗಳ ನಡುವಿನ ಮೊಳದುದ್ದದ ವೈರನ್ನು ಹಿಂದೆ ಸಿಕ್ಕಿಸಿ ಮುಚ್ಚಿಟ್ಟಿದ್ದೆ. ಅದನ್ನು ಎಳೆದು ಮುಂದಕ್ಕೆ, ಬಾಗಿಲಿಂದ ಬಂದವರಿಗೆ ಮೊದಲು ಕಾಣುವಂತೆ ಬಿಟ್ಟೆ. ಈಗಲೂ ಹಾಗೇ ಇದೆ. ಭಾವನವರು ದಿನಾ ಅದನ್ನು ನೋಡುತ್ತಾರೆ.