ಕಬ್ಬಿಣ ಹೊರಗಿಟ್ಟು ಬನ್ನಿ

ಆ ಸೋಮವಾರವೂ ಚೆನ್ನೈನ ನಮ್ಮ ಪ್ರಯೋಗಾಲಯದ ಏಕೈಕ ತಂತ್ರಜ್ಞರು ಬೀಗದ ಕೈಗೊಂಚಲು, ಕೈಗಡಿಯಾರ ಎರಡನ್ನೂ ಬಾಗಿಲಾಚೆಯ ಮೊಳೆಗೆ ತೂಗುಹಾಕಿ ಒಳಗೆ ಬಂದರು. ಟ್ರಿಪ್ಲಿಕೇನಿನಲ್ಲಿರುವ ತಮ್ಮ ಅಣ್ಣನ ಹೋಟೆಲಿನಲ್ಲಿ ಬೆಳಿಗ್ಗೆ ತಾವೇ ಕರಿದು ತಂದ ಗೋಳಿಬಜೆಯ ಪೊಟ್ಟಣವನ್ನು ನನ್ನ ಮೇಜಿನ ಮೇಲಿಟ್ಟು, "ಕಬ್ಬಿಣ ಹೊರಗಿಟ್ಟು ಬಂದಿದ್ದೀರಲ್ಲ ಮಾರಾಯ್ರೆ?" ಎಂದು ಎಂದಿನಂತೆ ಕೇಳಿದರು.

ಸಿಲಿಕಾನ್ ಬಿಲ್ಲೆಯೊಳಗೆ ನಾವೇ ಸೇರಿಸಿದ ಚೂರು ಕಬ್ಬಿಣ ಹೇಗೆ ಕೂತಿದೆ ಎಂಬುದನ್ನು, ಗಾಮಾ ಕಿರಣ ಬಿಟ್ಟಾಗ ಅದರಿಂದ ಹೊಮ್ಮುವ ಎಲೆಕ್ಟ್ರಾನುಗಳನ್ನು ಎಣಿಸಿ ತಿಳಿಯುವುದು ನಮ್ಮ ಕೆಲಸ. ಹೊರಗಿನ ಕಬ್ಬಿಣ ತಗುಲಿದರೆ ಅಳತೆಯೆಲ್ಲ ಹಾಳು. ಅವರು ಉಸಿರು ಬಿಗಿಹಿಡಿದು, ಪ್ಲಾಸ್ಟಿಕ್ ಚಿಮುಟದಲ್ಲೇ ಬಿಲ್ಲೆಯನ್ನು ಎತ್ತುತ್ತಿದ್ದರು.

ಆ ದಿನ ಮಧ್ಯಾಹ್ನ ಅವರು ಊಟಕ್ಕೆ ಹೋದಾಗ ಪ್ರಯೋಗಾಲಯದ ಮುಖ್ಯಸ್ಥರು ಅದೇ ಬಿಲ್ಲೆಯನ್ನು ಉಕ್ಕಿನ ಚಿಮುಟದಲ್ಲಿ ಎತ್ತಿ ಅತಿಥಿಗಳಿಗೆ ತೋರಿಸಿದರು. ನಾನು ನೋಡಿದೆ. ವಾರದ ಬಳಿಕ ಅಳತೆಯಲ್ಲಿ ಬೇಡದ ಗೆರೆಗಳು ಕಾಣಿಸಿಕೊಂಡವು.

"ಹೋಟೆಲಿನ ಬಾಣಲೆ ಹಿಡಿದ ಕೈ ರೀ ಅದು. ಕಬ್ಬಿಣ ಅಂಟದೆ ಇರುತ್ತಾ?" ಎಂದರು ಮುಖ್ಯಸ್ಥರು, ಎಲ್ಲರೆದುರು. ಕೆಲವರು ನಕ್ಕರು.

ತಂತ್ರಜ್ಞರು ತಮ್ಮ ಅಂಗೈ ನೋಡಿಕೊಂಡರು. "ನಾನು ತೊಳೆದೇ ಬಂದದ್ದು ಸರ್," ಎಂದರು. ಆಮೇಲೆ ನನ್ನತ್ತ ನೋಡಿದರು. ಮುಖ್ಯಸ್ಥರೇ ನನ್ನ ಪಿಎಚ್‌ಡಿಯ ಮಾರ್ಗದರ್ಶಕರು; ಆ ಭಯದಲ್ಲಿ ನಾನು ಬಾಯಿ ಬಿಡಲಿಲ್ಲ. ಅವರನ್ನು ಉಗ್ರಾಣಕ್ಕೆ ಹಾಕಿದರು. ನಿವೃತ್ತಿಯವರೆಗೂ ಅಲ್ಲೇ ಇದ್ದರು.

ಕಳೆದ ತಿಂಗಳು ಅವರು ತೀರಿಕೊಂಡರು. ಸಂತಾಪ ಸಭೆಯಲ್ಲಿ ಅದೇ ಮುಖ್ಯಸ್ಥರು, "ಎಂಥಾ ಶಿಸ್ತಿನ ಮನುಷ್ಯ," ಎಂದರು. ನಾನು ಎದ್ದು ಹೊರಗೆ ಬಂದೆ. ಆ ಸಿಟ್ಟು ಇನ್ನೂ ಇಳಿದಿಲ್ಲ. ಅರ್ಧ ಮುಖ್ಯಸ್ಥರ ಮೇಲೆ, ಅರ್ಧ ನನ್ನ ಮೇಲೆ.

ಬಿಲ್ಲೆ ಮುಟ್ಟಿದವರೆಲ್ಲ ದಾಖಲೆ ಪುಸ್ತಕದಲ್ಲಿ ಸಹಿ ಹಾಕಬೇಕು. ಆ ಸೋಮವಾರದ ಪುಟದಲ್ಲಿ ತಂತ್ರಜ್ಞರ ಸಹಿಯೊಂದೇ ಇದೆ. ಮುಖ್ಯಸ್ಥರ ಸಹಿ ಇಲ್ಲ. ನಾನು ಕಂಡದ್ದೂ ಅಲ್ಲಿಲ್ಲ.